ರೂಟ್ ಕೆನಾಲ್: ಲ್ಯಾಬಿನಲ್ಲಿ ಪಾಸಾದ ಫೈಲು ಹಲ್ಲಿನೊಳಗೆ ಯಾಕೆ ಮುರಿಯುತ್ತೆ?

ಚನ್ನಗಿರಿ, ಜಗಳೂರು, ನ್ಯಾಮತಿ ಕಡೆ ರೂಟ್ ಕೆನಾಲ್ ಅನ್ನೋದು ಈಗ ಯಾರಿಗೂ ಹೊಸ ಮಾತಲ್ಲ. ಬಸ್ ನಿಲ್ದಾಣದ ಎದುರಿಗೋ ಮೆಡಿಕಲ್ ಶಾಪಿನ ಮಹಡಿ ಮೇಲೋ ಒಂದು ದಂತ ಕ್ಲಿನಿಕ್ ಇದ್ದೇ ಇರುತ್ತೆ. ಒಂದು ಕಡೆ ಹೇಳಿದ ರೇಟಿನ ಅರ್ಧಕ್ಕೆ ಇನ್ನೊಂದು ಕಡೆ ಮಾಡಿಕೊಡ್ತಾರೆ. ಜನ ರೇಟು ಕೇಳ್ತಾರೆ, ಎಷ್ಟು ಸಲ ಬರಬೇಕು ಅಂತ ಕೇಳ್ತಾರೆ, ಕ್ಯಾಪ್ ಸೇರಿಸಿಯೋ ಬಿಟ್ಟೋ ಅಂತ ಚೌಕಾಸಿಯನ್ನೂ ಮಾಡ್ತಾರೆ. ಆದರೆ ಹಲ್ಲಿನೊಳಗೆ ಇಳಿಯುವ ಫೈಲು ಹೊಸದೋ ಹಳೆಯದೋ, ಮೇಲೆ ತುಂಬುವ ಸಿಮೆಂಟು ಯಾವುದು ಅಂತ ಕೇಳುವವರು ಅಪರೂಪ. ರೇಟಿನ ವ್ಯತ್ಯಾಸದ ಒಂದು ಪಾಲು ಅಡಗಿರುವುದು ಅಲ್ಲೇ.

ಈ ಸಾಮಾನುಗಳಿಗೆಲ್ಲ ಪರೀಕ್ಷೆ ಅಂತ ಒಂದಿದೆ, ಮತ್ತು ಅದು ಸಾಕಷ್ಟು ಕಠಿಣವಾಗಿಯೇ ಇದೆ. ತೊಂದರೆ ಇರುವುದು ಪರೀಕ್ಷೆ ಮುಗಿದ ಮೇಲಿನ ಹಾದಿಯಲ್ಲಿ.

ಮೊದಲು ಫೈಲಿನ ವಿಚಾರ. ಹಲ್ಲಿನ ಬೇರಿನೊಳಗೆ ಕೂದಲೆಳೆಯಂಥ ನಾಳ ಇರುತ್ತೆ. ಕೊಳೆತ ನರವನ್ನು ತೆಗೆದು ಆ ನಾಳವನ್ನು ಉಜ್ಜಿ ಅಗಲ ಮಾಡುವ ಸೂಜಿಯಂಥ ಉಪಕರಣವೇ ಫೈಲ್. ಹಿಡಿಯ ಬಣ್ಣ ನೋಡಿ ಅಳತೆ ಹೇಳಬಹುದು: ಬಿಳಿ 15, ಹಳದಿ 20, ಕೆಂಪು 25, ನೀಲಿ 30. ಕೆಂಪು ಹಿಡಿಯ 25ನೇ ನಂಬರಿನ ಫೈಲಿನ ತುದಿ 0.25 ಮಿಲಿಮೀಟರ್ ದಪ್ಪ. ಮೊದಲು ಇವೆಲ್ಲ ಸ್ಟೀಲಿನವು. 1988ರಲ್ಲಿ ಅಮೆರಿಕದ ವಾಲಿಯಾ, ಬ್ರಾಂಟ್ಲಿ, ಗರ್ಸ್ಟೀನ್ ಎಂಬ ಮೂವರು ಸಂಶೋಧಕರು ನಿಕ್ಕಲ್-ಟೈಟಾನಿಯಂ ತಂತಿಯಿಂದ ಫೈಲು ಮಾಡಿ ಲ್ಯಾಬಿನಲ್ಲಿ ಬಗ್ಗಿಸಿ, ತಿರುಚಿ ನೋಡಿದರು. ಸ್ಟೀಲಿಗಿಂತ ಎರಡು ಮೂರು ಪಟ್ಟು ಹೆಚ್ಚು ಬಳುಕಿತು. ಈಗ ಮಷಿನ್‌ಗೆ ಸಿಕ್ಕಿಸಿ ತಿರುಗಿಸುವ ರೋಟರಿ ಫೈಲುಗಳು ಬಹುತೇಕ ಇದೇ ಲೋಹದವು. ನಾಳ ಸೊಟ್ಟಗಿದ್ದರೂ ಬಳುಕಿಕೊಂಡು ಹೋಗುತ್ತವೆ, ಕೆಲಸವೂ ಬೇಗ ಮುಗಿಯುತ್ತೆ.

ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 3630 ಅಂತ. ಅದರ ಪ್ರಕಾರ ಫೈಲಿನ ತುದಿಯ 3 ಮಿಲಿಮೀಟರನ್ನು ಹಿಡಿಕೆಯಲ್ಲಿ ಬಿಗಿದು, ನಿಮಿಷಕ್ಕೆ ಎರಡೇ ಸುತ್ತಿನಂತೆ ಮುರಿಯುವವರೆಗೂ ತಿರುಚುತ್ತಾರೆ. ಎಷ್ಟು ಬಲಕ್ಕೆ, ಎಷ್ಟು ತಿರುವಿಗೆ ತುಂಡಾಯ್ತು ಅಂತ ಯಂತ್ರ ಬರೆದುಕೊಳ್ಳುತ್ತೆ. ಇನ್ನೊಂದು ಪರೀಕ್ಷೆಯಲ್ಲಿ ಫೈಲನ್ನು 45 ಡಿಗ್ರಿಗೆ ಬಗ್ಗಿಸಿ ಅದು ಎಷ್ಟು ಗಡಸು ಅಂತ ಅಳೆಯುತ್ತಾರೆ.

ಆದರೆ ಹಲ್ಲಿನೊಳಗೆ ಫೈಲು ಮುರಿಯುವುದಕ್ಕೆ ದಾರಿ ಎರಡು. ತುದಿ ನಾಳದಲ್ಲಿ ಸಿಕ್ಕಿಕೊಂಡು, ಮೇಲೆ ಮಷಿನ್ ತಿರುಗುತ್ತಲೇ ಇದ್ದರೆ ತಿರುಚಿ ಮುರಿಯುತ್ತೆ. ಮೇಲಿನ ಪರೀಕ್ಷೆ ಹೇಳುವುದು ಇದನ್ನು. ಎರಡನೆಯದು ದಣಿವು. ಸೊಟ್ಟ ನಾಳದಲ್ಲಿ ಪ್ರತಿ ಸುತ್ತಿಗೂ ಫೈಲು ಒಂದು ಸಲ ಬಗ್ಗಿ ಒಂದು ಸಲ ನೆಟ್ಟಗಾಗುತ್ತೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯೋದು ಪ್ರತಿ ಹಾರ್ಡ್‌ವೇರ್ ಅಂಗಡಿಯವರಿಗೂ ಗೊತ್ತು, ಇದೂ ಅದೇ. ನಿಮಿಷಕ್ಕೆ 300 ಸುತ್ತಿನ ವೇಗ ಅಂದ್ರೆ ಎರಡು ನಿಮಿಷಕ್ಕೆ 600 ಬಗ್ಗು. ಮುರಿಯುವ ಮುನ್ನ ಕಣ್ಣಿಗೆ ಏನೂ ಕಾಣದೇ ಇರಬಹುದು.

ಈ ದಣಿವನ್ನು ಅಳೆಯಲು ಲ್ಯಾಬುಗಳು ಲೋಹದ ತುಂಡಿನಲ್ಲಿ ಸೊಟ್ಟ ಕಾಲುವೆ ಕೊರೆದು, ಅದರೊಳಗೆ ಫೈಲು ತಿರುಗಿಸಿ, ಮುರಿಯುವ ಹೊತ್ತಿಗೆ ಎಷ್ಟು ಸುತ್ತು ಆಯ್ತು ಅಂತ ಎಣಿಸುತ್ತವೆ. ಕಾಲುವೆಯ ಸೊಟ್ಟು ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಇಷ್ಟು ವರ್ಷ ಸಂಶೋಧಕರೇ ದೂರುತ್ತಾ ಬಂದಿರುವುದು ಇದನ್ನೇ: ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕದ ಪಕ್ಕ ಇಟ್ಟು ನೋಡೋಕಾಗಲ್ಲ. ಬಿಸಿಯ ಲೆಕ್ಕ ಬೇರೆ. ಕಾಯಿಸಿ ಹದ ಮಾಡಿದ ಹೊಸ ನಮೂನೆಯ ಫೈಲುಗಳು ಕೋಣೆಯ ತಂಪಿನಲ್ಲಿ ಬಾಳುವಷ್ಟು ಸುತ್ತು 37 ಡಿಗ್ರಿಯ ಮೈಬಿಸಿಯಲ್ಲಿ ಬಾಳಲ್ಲ. ಹಾಗಾಗಿ ಡಬ್ಬಿಯ ಮೇಲೆ ‘ಇಷ್ಟು ಪಟ್ಟು ಹೆಚ್ಚು ಬಾಳಿಕೆ’ ಅಂತ ಅಚ್ಚಾಗಿದ್ದರೆ ಯಾವ ಕಾಲುವೆಯಲ್ಲಿ, ಯಾವ ಬಿಸಿಯಲ್ಲಿ ಅಂತ ಕೇಳಬೇಕಾಗುತ್ತೆ.

ಎಲ್ಲಕ್ಕಿಂತ ದೊಡ್ಡ ಮಾತು, ಕಂಪನಿಯ ಸರ್ಟಿಫಿಕೇಟು ಮಾತಾಡುವುದು ಹೊಸ ಫೈಲಿನ ಬಗ್ಗೆ. ಕ್ಲಿನಿಕ್ಕಿನಲ್ಲಿ ಅದೇ ಫೈಲು ತೊಳೆದು, ಆಟೋಕ್ಲೇವ್‌ನಲ್ಲಿ ಬೇಯಿಸಿ ಮೂರನೇ ಹಲ್ಲಿಗೋ ಐದನೇ ಹಲ್ಲಿಗೋ ಬರುವುದುಂಟು. ಆಟೋಕ್ಲೇವ್ ಸೋಂಕನ್ನು ಕೊಲ್ಲುತ್ತೆ, ಲೋಹದ ದಣಿವನ್ನು ವಾಪಸ್ ತರಲ್ಲ. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಲ್ಲಿ ಸರ್ಕಾರದ ಮುಖ್ಯ ದಂತ ಅಧಿಕಾರಿ ಈ ಫೈಲುಗಳನ್ನು ಒಬ್ಬ ರೋಗಿಗೆ ಬಳಸಿ ಎಸೆಯಿರಿ ಅಂತ ಸೂಚನೆ ಕೊಟ್ಟರು. ಅಲ್ಲಿನ ಕಾರಣ ಬೇರೆ, ಮಿದುಳಿನ ಒಂದು ಅಪರೂಪದ ಸೋಂಕಿನ ಭಯ. ತೊಳೆದರೂ ಫೈಲಿನ ಗೀರುಗಳಲ್ಲಿ ಅಂಶ ಉಳಿದೀತು ಅಂತ.

ತಾಲ್ಲೂಕಿನ ವೈದ್ಯರ ಕಷ್ಟವೂ ಸುಳ್ಳಲ್ಲ. ಕೆಲವು ಕಂಪನಿಗಳ ಒಂದು ಪ್ಯಾಕ್ ರೋಟರಿ ಫೈಲಿಗೆ ಸಾವಿರಾರು ರೂಪಾಯಿ. ಪ್ರತಿ ಹಲ್ಲಿಗೂ ಹೊಸ ಪ್ಯಾಕ್ ಒಡೆದರೆ ಈಗ ಜನ ಕೊಡುವ ರೇಟಿಗೆ ಗಿಟ್ಟಲ್ಲ. ಬಳಕೆಯ ಲೆಕ್ಕ ಬರೆದಿಟ್ಟು, ತೀರಾ ಸೊಟ್ಟ ನಾಳಕ್ಕೆ ಇಳಿದ ಫೈಲನ್ನು ಆವತ್ತೇ ಎಸೆಯುವ ವೈದ್ಯರೂ ಇದ್ದಾರೆ. ಹಾಗೆ ಲೆಕ್ಕ ಇಡುವವರು ಯಾರು, ಇಡದವರು ಯಾರು ಅನ್ನೋದು ಬೋರ್ಡು ನೋಡಿದರೆ ಗೊತ್ತಾಗಲ್ಲ.

ಸಿಮೆಂಟು ಎಷ್ಟು ಭಾರ ಹೊರಬೇಕು?

ಮೇಲೆ ತುಂಬುವ ಸಾಮಗ್ರಿಯ ಪರೀಕ್ಷೆ ಕೇಳಿದರೆ ಅಂಗಡಿಯವರಿಗೆ ಖುಷಿಯಾದೀತು, ಎಲ್ಲಾ ತೂಕದ ಲೆಕ್ಕವೇ. ಗ್ಲಾಸ್ ಅಯಾನೋಮರ್ ಸಿಮೆಂಟನ್ನು 4 ಮಿಲಿಮೀಟರ್ ದಪ್ಪ, 6 ಮಿಲಿಮೀಟರ್ ಎತ್ತರದ ಪುಟ್ಟ ಉರುಳೆ ಮಾಡಿ, ಒಂದು ದಿನ ಇಟ್ಟು, ಮೇಲಿಂದ ಒತ್ತುತ್ತಾರೆ. ಹಲ್ಲು ತುಂಬುವ ಬಗೆಯದಾದರೆ ಕನಿಷ್ಠ 100 ಮೆಗಾಪಾಸ್ಕಲ್ ತಡೆಯಬೇಕು. ಲೆಕ್ಕ ಹಾಕಿದರೆ ಪೆನ್ಸಿಲ್‌ಗಿಂತ ಸಣ್ಣ ಆ ತುಂಡು ಸುಮಾರು 128 ಕೆ.ಜಿ. ಹೊರಬೇಕು, ಅಂದ್ರೆ ಎರಡೂವರೆ ಸಿಮೆಂಟ್ ಮೂಟೆ.

ಹಲ್ಲಿನ ಬಣ್ಣದ ಕಾಂಪೋಸಿಟ್‌ಗೆ ಐಎಸ್‌ಒ 4049 ಪ್ರಕಾರ ಬಗ್ಗಿಸುವ ಪರೀಕ್ಷೆ. 2 ಮಿಲಿಮೀಟರ್ ದಪ್ಪದ ಕಡ್ಡಿಯನ್ನು 20 ಮಿಲಿಮೀಟರ್ ಅಂತರದ ಎರಡು ಆಧಾರದ ಮೇಲಿಟ್ಟು ನಡುವೆ ಒತ್ತುತ್ತಾರೆ. ಜಗಿಯುವ ದವಡೆ ಹಲ್ಲಿಗೆ ಬಳಸುವ ಬಗೆಗೆ 80 ಮೆಗಾಪಾಸ್ಕಲ್ ಬೇಕು, ಅಂದ್ರೆ ಕಡ್ಡಿ ಎರಡು ಕೆ.ಜಿ.ಗೂ ಸ್ವಲ್ಪ ಮೇಲೆ ತಡೆಯಬೇಕು. ಅಡಿಕೆ ಸೀಮೆಯಲ್ಲಿ ದಿನವಿಡೀ ಅಡಿಕೆ ಕಡಿಯುವ ದವಡೆಗೆ ಇದು ಸಣ್ಣ ವಿಷಯ ಅಲ್ಲ.

ಕಾಂಪೋಸಿಟ್ ಗಟ್ಟಿಯಾಗುವುದು ನೀಲಿ ಬೆಳಕಿನಿಂದ. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದಕ್ಕೂ ಪರೀಕ್ಷೆ ಇದೆ. ಅಚ್ಚಿನಲ್ಲಿ ತುಂಬಿ ಬೆಳಕು ಬಿಟ್ಟು, ತಳದಲ್ಲಿ ಮೆತ್ತಗೆ ಉಳಿದಿದ್ದನ್ನು ಕೆರೆದು ತೆಗೆದು, ಗಟ್ಟಿ ಉಳಿದ ಉದ್ದದ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಾಮೂಲಿ ಕಾಂಪೋಸಿಟನ್ನು 2 ಮಿಲಿಮೀಟರ್ ಪದರ ಪದರವಾಗಿ ಹಾಕಬೇಕು ಅನ್ನುವುದು ಇದಕ್ಕೇ. ಗಡಿಬಿಡಿಯಲ್ಲಿ ಒಂದೇ ಸಲ ತುಂಬಿ ಬೆಳಕು ಹಿಡಿದರೆ ಮೇಲ್ಭಾಗ ಕಲ್ಲಾಗುತ್ತೆ, ತಳ ಮೆತ್ತಗೇ ಉಳಿಯುತ್ತೆ. ರೋಗಿ ಅವತ್ತು ಖುಷಿಯಾಗಿ ಮನೆಗೆ ಹೋಗ್ತಾರೆ, ಒಳಗೆ ಮತ್ತೆ ಹುಳುಕು ಶುರುವಾಗೋದು ಆಮೇಲೆ.

ಲ್ಯಾಬಿನಲ್ಲಿ ಲೈಟಿನ ಶಕ್ತಿ ಅಳೆದಿರುತ್ತಾರೆ, ಪುಡಿ-ದ್ರವ ತೂಗಿ ಕಲಸಿರುತ್ತಾರೆ. ಕ್ಲಿನಿಕ್ಕಿನಲ್ಲಿ ಲೈಟಿಗೆ ವಯಸ್ಸಾಗಿರುತ್ತೆ, ತುದಿಗೆ ಹಳೇ ಕಾಂಪೋಸಿಟ್ ಮೆತ್ತಿರುತ್ತೆ, ಸಿಮೆಂಟು ಚಮಚ-ಹನಿ ಲೆಕ್ಕದಲ್ಲಿ ಸಹಾಯಕರ ಕೈಯಲ್ಲಿ ಕಲಸಿಕೊಳ್ಳುತ್ತೆ. ಕಿರಾಣಿ ಅಂಗಡಿಯ ತಕ್ಕಡಿಗೆ ಇಲಾಖೆಯವರು ಮೊಹರು ಹಾಕ್ತಾರೆ. ಈ ಲೈಟಿಗೆ ಹಾಗೆ ಬಂದು ಮೊಹರು ಹಾಕುವವರಿಲ್ಲ. ಬೆಳಕು ಅಳೆಯುವ ಸಣ್ಣ ಮೀಟರು ಮಾರ್ಕೆಟ್ಟಿನಲ್ಲಿ ಸಿಗುತ್ತೆ, ಇಟ್ಟುಕೊಳ್ಳುವುದು ವೈದ್ಯರ ಇಷ್ಟ.

ಅಂದಹಾಗೆ, ಇಂಥ ಪರೀಕ್ಷೆ ಎಲ್ಲೋ ಪರದೇಶದಲ್ಲೇ ನಡೆಯುತ್ತೆ ಅಂದುಕೊಳ್ಳಬೇಕಿಲ್ಲ. ದಂತ ಕಾಲೇಜುಗಳಲ್ಲಿ ಎಂಡಿಎಸ್ ಓದುವವರು ಪ್ರಬಂಧಕ್ಕಾಗಿ ಫೈಲಿನ ದಣಿವು, ಕಾಂಪೋಸಿಟ್‌ನ ಗಟ್ಟಿತನ ಅಳೆಯುವುದು ಮಾಮೂಲು. ಬೇರೆ ಬೇರೆ ಕಾರಣಕ್ಕೆ ಕಿತ್ತ ಹಲ್ಲುಗಳೇ ಅದಕ್ಕೆ ಸಾಮಗ್ರಿ. ದಾವಣಗೆರೆಯಲ್ಲೇ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡಿವೆ. ಇಂಥ ಲ್ಯಾಬುಗಳ ಫಲಿತಾಂಶ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗುತ್ತೆ, ತಾಲ್ಲೂಕಿನ ರೋಗಿಯ ತನಕ ಬರುವುದಿಲ್ಲ.

ಕಾನೂನು ಎಲ್ಲಿದೆ

ವೈದ್ಯಕೀಯ ಸಾಧನಗಳ ನಿಯಮಾವಳಿ ಬಂದಿದ್ದು 2017ರಲ್ಲಿ, ಜಾರಿಯಾಗಿದ್ದು 2018ರ ಜನವರಿ 1ರಿಂದ. ಆಗ ಪಟ್ಟಿಯಲ್ಲಿದ್ದ ಕೆಲವೇ ಸಾಧನಗಳಿಗೆ ಅದು ಅನ್ವಯ. 2020ರ ಏಪ್ರಿಲ್ 1ರಿಂದ ಎಲ್ಲಾ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ಕೆಳಗೆ ತಂದರು. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಎ ಮತ್ತು ಬಿಗೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯ. ಎ ವರ್ಗದಲ್ಲೂ ಸ್ಟೆರೈಲ್ ಅಲ್ಲದ, ಅಳತೆಗೆ ಬಳಸದ ಸಾಧನಗಳಿಗೆ ನೋಂದಣಿ ಸಾಕು, ಲೈಸೆನ್ಸ್ ಬೇಡ. ಸಾಧನ ಭಾರತೀಯ ಮಾನದಂಡಕ್ಕೆ ಸರಿಹೊಂದಬೇಕು, ಅದಿಲ್ಲದಿದ್ದರೆ ಐಎಸ್‌ಒ, ಅದೂ ಇಲ್ಲದಿದ್ದರೆ ತಯಾರಕರೇ ಸಾಬೀತು ಮಾಡಿದ ಮಾನದಂಡ. ಕೊನೆಯ ಈ ಬಾಗಿಲು ಎಷ್ಟು ಅಗಲ ಅನ್ನೋದು ಯೋಚಿಸಬೇಕಾದ್ದೇ.

ಕಾನೂನಿಂದ ರೋಗಿಗೆ ನೇರವಾಗಿ ದಕ್ಕುವುದು ಪ್ಯಾಕಿನ ಮೇಲಿನ ಬರಹ: ತಯಾರಕರ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ಅಥವಾ ಲಾಟ್ ನಂಬರು, ಬಾಳಿಕೆ ಅವಧಿ, ಒಂದೇ ಸಲ ಬಳಸುವಂಥದ್ದಾದರೆ ಆ ಸೂಚನೆ. ಬಿಸ್ಕತ್ ಪ್ಯಾಕಿನ ಎಕ್ಸ್‌ಪೈರಿ ನೋಡುವ ಗಿರಾಕಿ ಹಲ್ಲಿನ ಕುರ್ಚಿಯಲ್ಲಿ ಕೂತಾಗ ಅದನ್ನು ಕೇಳಲ್ಲ, ಬಾಯಿ ಬೇರೆ ತೆರೆದೇ ಇರುತ್ತೆ. ಕೇಳುವುದಾದರೆ ಅದಕ್ಕೂ ಮೊದಲು, ರೇಟು ಮಾತಾಡುವಾಗಲೇ ಕೇಳಬೇಕು. ಬಿಲ್ಲಿನಲ್ಲಿ ಸಾಮಗ್ರಿಯ ಹೆಸರು ಮತ್ತು ಬ್ಯಾಚ್ ಬರೆಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಫೈಲು ಒಳಗೆ ಮುರಿದ ಮಾತ್ರಕ್ಕೆ ಹಲ್ಲು ಹೋಯ್ತು ಅಂತ ಅಲ್ಲ. ನಾಳ ಮೊದಲೇ ಶುದ್ಧವಾಗಿದ್ದರೆ ತುಂಡನ್ನು ಅಲ್ಲೇ ಬಿಟ್ಟು ಮುಚ್ಚುವುದೂ ಉಂಟು, ಆದರೆ ಅದನ್ನು ರೋಗಿಗೆ ಹೇಳಿ ಎಕ್ಸ್‌ರೇ ಕೊಡಬೇಕು. ಸಾಧನದಿಂದಾದ ತೊಂದರೆಯನ್ನು ದಾಖಲಿಸಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಅನ್ನುವ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತೆ. 1800 180 3024 ಶುಲ್ಕವಿಲ್ಲದ ನಂಬರು. ಅದರ ಫಾರ್ಮಿನಲ್ಲಿ ಸಾಧನದ ಬ್ಯಾಚ್ ಅಥವಾ ಲಾಟ್ ನಂಬರು ಕೇಳ್ತಾರೆ. ಅದು ಇರುವುದು ಪ್ಯಾಕಿನ ಮೇಲೆ, ಪ್ಯಾಕು ಅಷ್ಟೊತ್ತಿಗೆ ಕ್ಲಿನಿಕ್ಕಿನ ಕಸದ ಬುಟ್ಟಿ ಸೇರಿರುತ್ತೆ.