ಹಳೆಯ ಕಾರಿನ ಕೀಲಿ: ರಿಪೇರಿ ಕೈಗೆಟುಕಲಿ



ಹಳೆಯ ಕಾರುಗಳನ್ನು ಜೋಪಾನವಾಗಿ ಓಡಿಸುತ್ತಿರುವ ಮಧ್ಯಮ ವರ್ಗದವರಿಗೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ವ್ಯವಸ್ಥೆಯ ದೋಷ ದೊಡ್ಡ ತಲೆನೋವಾಗಿದೆ. ಎಂಜಿನ್, ಬ್ಯಾಟರಿ ಎಲ್ಲ ಸರಿಯಿದ್ದರೂ ಈ ವ್ಯವಸ್ಥೆ ಕೀಲಿಯನ್ನು ಗುರುತಿಸದಿದ್ದರೆ ಕಾರು ಸ್ಟಾರ್ಟ್ ಆಗದು. ನಮ್ಮ ಕಾರಿಗೆ ಹೀಗಾದಾಗ ಸರ್ವೀಸ್ ಕೇಂದ್ರವೊಂದು ಕಂಪ್ಯೂಟರ್ ಯೂನಿಟ್ ಹಾಗೂ ಎಲ್ಲ ಕೀಲಿಗಳನ್ನೂ ಬದಲಿಸಲೇಬೇಕೆಂದಿತು. ಊರಿನ ಆಟೊ ಎಲೆಕ್ಟ್ರಿಷಿಯನ್ ಪರೀಕ್ಷಿಸಿದಾಗ ಕೆಟ್ಟಿದ್ದು ಇಗ್ನಿಷನ್ ಸುತ್ತಲಿನ ಆಂಟೆನಾ ಸುರುಳಿ ಮಾತ್ರ!

ಬಹುತೇಕ ಹಳೆಯ ಕಾರುಗಳಲ್ಲಿ ಬಾಗಿಲು ತೆರೆಯುವ ರಿಮೋಟ್‌ಗೆ ಪುಟ್ಟ ಬ್ಯಾಟರಿ ಬೇಕು. ಎಂಜಿನ್‌ಗೆ ಅನುಮತಿ ಕೊಡುವ, ಕೀಲಿಯೊಳಗಿನ ಚಿಪ್‌ಗೆ ಬ್ಯಾಟರಿ ಬೇಡ. ಆ ಸುರುಳಿಯಿಂದಲೇ ಅದಕ್ಕೆ ಶಕ್ತಿ. ಆದ್ದರಿಂದ ದೋಷ ಎಲ್ಲಿದೆಯೆಂದು ತಿಳಿಯಲು ಮೊದಲು ಎರಡನೇ ಕೀಲಿ ಹಾಕಿ ನೋಡಬೇಕು. ಕಾರು ಸ್ಟಾರ್ಟ್ ಆದರೆ ದೋಷ ಮೊದಲ ಕೀಲಿಯದು. ಆಗದಿದ್ದರೆ ಫ್ಯೂಸ್, ವೈರಿಂಗ್, ಸುರುಳಿಗಳನ್ನು ಪರೀಕ್ಷಿಸಿಯೇ ದೊಡ್ಡ ಖರ್ಚಿಗೆ ಒಪ್ಪಬೇಕು. ಕಳ್ಳತನ ತಡೆಯುವ ಈ ವ್ಯವಸ್ಥೆಯನ್ನೇ ಕಿತ್ತುಹಾಕಿಸುವುದು ಪರಿಹಾರವಲ್ಲ.

ಇಂಥ ಪರೀಕ್ಷೆ, ರಿಪೇರಿಗೆ ಬೇಕಾದ ಬಿಡಿಭಾಗ, ತಪಾಸಣಾ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ಆದೇಶಿಸಿತ್ತು. ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ಆರಂಭಿಸಿತು. ಇವುಗಳ ಫಲ ಸಣ್ಣ ಊರುಗಳಿಗೂ ತಲುಪಬೇಕು. ಮಾಲೀಕತ್ವದ ದಾಖಲೆ ಪರಿಶೀಲಿಸಿ, ನ್ಯಾಯವಾದ ದರಕ್ಕೆ ಕೀಲಿ ಪ್ರೋಗ್ರಾಮ್ ಮಾಡಿಕೊಡುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ಬರಲಿ. ಅನಗತ್ಯವಾಗಿ ಭಾಗ ಬದಲಿಸಲು ಒತ್ತಾಯಿಸಿದರೆ ಗ್ರಾಹಕರು ಲಿಖಿತ ಅಂದಾಜು ಪಡೆದು, 1915 ಗ್ರಾಹಕ ಸಹಾಯವಾಣಿಗೆ ಹಿಂಜರಿಯದೆ ದೂರು ನೀಡಲಿ.

— ಓದುಗರೊಬ್ಬರು, ಶಿವಮೊಗ್ಗ