ಹಾಡೋಕೆ ಯಾರ ಪರ್ಮಿಷನ್ ಬೇಕು?

1/4
ಏಳನೇ ಕ್ಲಾಸ್‌ವರೆಗೂ ಪ್ರೇಯರ್‌ನಲ್ಲಿ ನಾಡಗೀತೆ ಶುರು ಮಾಡ್ತಿದ್ದವನು ನಾನೇ. ಎಂಟನೇ ಕ್ಲಾಸ್‌ನಲ್ಲಿ ಗಂಟಲು ಒಡೀತು. ಒಂದು ದಿನ ಹಾಡಿನ ಮಧ್ಯೆನೇ ದನಿ ಕೀರಲಾಯ್ತು, ಇಡೀ ಸಾಲು ನಕ್ತು. "ನೀನು ಸುಮ್ನೆ ಬಾಯಿ ಆಡಿಸು ಸಾಕು" ಅಂದ್ರು ಒಬ್ರು. ತಮಾಷೆಗೇ ಅಂದಿರಬಹುದು. ಆದ್ರೆ ನಾನು ಆರು ವರ್ಷ ಬರೀ ಬಾಯಿ ಆಡಿಸ್ದೆ.

ಆ ವಯಸ್ಸಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತೆ, ಧ್ವನಿತಂತುಗಳು ಉದ್ದ, ದಪ್ಪ ಆಗ್ತವೆ. ಅದಕ್ಕೇ ದನಿ ಹಿಡಿತಕ್ಕೆ ಸಿಗಲ್ಲ. ಸ್ವಲ್ಪ ಸಮಯ ಕೊಟ್ರೆ ತಾನಾಗೇ ಸರಿಹೋಗುತ್ತೆ. ಇಷ್ಟನ್ನ ಅವತ್ತು ಯಾರಾದ್ರೂ ಹೇಳಿದ್ರೆ ಸಾಕಿತ್ತು.

2/4
ಈ ವರ್ಷ ಅಕ್ಕನ ಮದುವೆ. ಚಪ್ಪರದ ದಿನ ಅಜ್ಜಿ ಸೋಬಾನೆ ಪದ ಎತ್ತಿದ್ರು. ಸೋಬಾನೆ ಒಬ್ಬರೇ ಹಾಡೋದಲ್ಲ, ಒಬ್ರು ಹೇಳಿದ್ದನ್ನ ಉಳಿದವರು ಸೇರಿ ಹೇಳ್ಬೇಕು. ಮೊದಲೆಲ್ಲ ಸುತ್ತ ಹತ್ತು ಜನ ಇರೋರು. ಅವತ್ತು ಇಬ್ರೇ, ಅವರಿಗೂ ಕೆಮ್ಮು. ಅಜ್ಜಿ ನನ್ನ ಕಡೆ ನೋಡಿ, "ನೀನಾದ್ರೂ ದನಿಗೂಡ್ಸೋ ಮಗ" ಅಂದ್ರು.

ಹುಡುಗ ಸೋಬಾನೆ ಹಾಡೋದಾ ಅಂತ ಕಸಿನ್ಸ್ ಎಲ್ಲ ಫೋನ್ ತೆಗೆದ್ರು. ಆದ್ರೂ ಹಾಡ್ದೆ. ಹೊರಗೆ ಬಂದಿದ್ದು ಹಳೇ ದನಿ ಅಲ್ಲ. ದಪ್ಪ, ಸ್ವಲ್ಪ ಒರಟು. ಇದು ಯಾರ ದನಿ ಅಂತ ನನಗೇ ಒಂದು ಕ್ಷಣ ಗೊತ್ತಾಗ್ಲಿಲ್ಲ. ನಾಲ್ಕನೇ ಪದದ ಹೊತ್ತಿಗೆ ಫೋನ್ ಹಿಡಿದವರನ್ನೂ ಮರೆತಿದ್ದೆ. ಅಷ್ಟು ಹಗುರ ಆಗಿ ಎಷ್ಟು ದಿನ ಆಗಿತ್ತೋ.

3/4
ಈಗ ಅಣ್ಣಾವ್ರ ವಿಷಯಕ್ಕೆ ಬನ್ನಿ. ಡಾ. ರಾಜ್‌ಕುಮಾರ್ ಗುಬ್ಬಿ ಕಂಪನಿ ನಾಟಕಗಳಿಂದ ಬಂದವರು. ಅಲ್ಲಿ ನಟರೇ ಹಾಡ್ಬೇಕಿತ್ತು. 1956ರ ‘ಓಹಿಲೇಶ್ವರ’ದಲ್ಲಿ ಅವರೇ ಹಾಡಿದ್ರು. ಆಮೇಲೆ ವರ್ಷಗಟ್ಟಲೆ ಅವರ ಹಾಡಿನ ದನಿ ಅಂದ್ರೆ ಪಿ.ಬಿ. ಶ್ರೀನಿವಾಸ್ (ಅವರೂ ನಮ್ಮ ಹಾಗೇ ಬಿಕಾಂ ಓದಿದವರು!). 1974ರಲ್ಲಿ ‘ಸಂಪತ್ತಿಗೆ ಸವಾಲ್’ಗೆ ಅಣ್ಣಾವ್ರು ಮತ್ತೆ ಹಾಡಿದ್ರು. ಎಮ್ಮೆ ಮೇಲೆ ಕೂತು ಹಾಡ್ತಾರಲ್ಲ, ಅದೇ. ಆಗ ಅವರಿಗೆ 45 ವರ್ಷ. ಮುಂದೆ 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರ ಪ್ರಶಸ್ತಿನೇ ಬಂತು.

45ಕ್ಕೆ ಮತ್ತೆ ಶುರು ಮಾಡಬಹುದು ಅಂದ್ರೆ, 20ಕ್ಕೆ ‘ಟೈಮ್ ಮುಗೀತು’ ಅನ್ನೋದು ಯಾವ ಲೆಕ್ಕ?

4/4
ನನ್ನ ಅಭಿಪ್ರಾಯ ಇಷ್ಟೇ. ನಾವೆಲ್ಲ ಹಾಡೋದು ಬಿಟ್ಟು ಜಡ್ಜ್ ಆಗಿಬಿಟ್ಟಿದ್ದೀವಿ. ಟಿವಿ ಶೋ ನೋಡಿ, ರೀಲ್ಸ್ ನೋಡಿ, ‘ಶ್ರುತಿ ಹೋಯ್ತು’ ಅನ್ನೋದನ್ನ ಮಾತ್ರ ಚೆನ್ನಾಗಿ ಕಲ್ತಿದ್ದೀವಿ. ಬೇಲೂರು ಬಸ್‌ನಲ್ಲಿ ಎಲ್ಲರ ಕಿವೀಲೂ ಹಾಡಿದೆ, ಒಬ್ಬರ ಬಾಯಲ್ಲೂ ಇಲ್ಲ.

ಸ್ಟೇಜ್ ಹತ್ತೋರು ಕಲೀಲೇಬೇಕು, ಒಪ್ತೀನಿ. ನನಗೂ ಇನ್ನೂ ಶ್ರುತಿ ತಪ್ಪುತ್ತೆ. ಆದ್ರೆ ಸಂಜೆ ಗದ್ದೇಲಿ ಕ್ರಿಕೆಟ್ ಆಡೋವಾಗ ‘ನೀನೇನ್ ದ್ರಾವಿಡ್ಡಾ?’ ಅಂತ ಯಾರೂ ಬ್ಯಾಟ್ ಕಿತ್ಕೊಳಲ್ಲ. ಹಾಡಿಗೆ ಮಾತ್ರ ಯಾಕೆ ಬೇರೆ ರೂಲ್ಸ್?

ಇನ್ನೊಂದು ಮಾತು. ಅಜ್ಜಿಯ ಪದಗಳು ಯಾವ ಆಪ್‌ನಲ್ಲೂ ಇಲ್ಲ, ಅವರ ನೆನಪಲ್ಲಿ ಮಾತ್ರ ಇವೆ. ನಾವು ನಾಚ್ಕೊಂಡು ಕೂತ್ರೆ ಅವು ಅವರ ಜೊತೆನೇ ಹೋಗ್ತವೆ. ಅಕೌಂಟ್ಸ್ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಒಂದೊಂದಾಗಿ ಬರ್ಕೋತಿದ್ದೀನಿ. ಆದ್ರೆ ಬರ್ಕೊಂಡ್ರೆ ಸಾಲಲ್ಲ, ಹಾಡ್ಬೇಕು.

ನಿಮ್ಮ ಮನೇಲಿ ಎಂಟನೇ ಕ್ಲಾಸ್ ಹುಡುಗ ಕೀರಲು ದನೀಲಿ ಹಾಡ್ತಿದ್ರೆ ದಯವಿಟ್ಟು ನಗಬೇಡಿ. ಆಗೋದಾದ್ರೆ ದನಿಗೂಡಿಸಿ.

ನೀವು ಹಾಡೋದು ಯಾವಾಗ ಬಿಟ್ರಿ? ಯಾರ ಮಾತಿಗೆ?

#ಸೋಬಾನೆ #ಗೆಂಡೆಹಳ್ಳಿ #ಮತ್ತೆಹಾಡು