ಕದ್ದ ಬೆರಳಚ್ಚನ್ನು ಬದಲಿಸುವುದು ಹೇಗೆ?

ಪಾಸ್‌ವರ್ಡ್‌ಗಳ ಕಾಲ ಮುಗಿಯಿತು, ಇನ್ನು ಬೆರಳು, ಕಣ್ಣು, ಮುಖವಿದ್ದರೆ ಸಾಕು ಎಂದು ಕಳೆದ ಸಂಚಿಕೆಯ ಲೇಖಕರು ಸಂಭ್ರಮಿಸಿದ್ದಾರೆ. ಬೆರಳನ್ನು ಯಾರೂ ಕದಿಯಲಾರರಂತೆ!

ಬೆರಳು ಬೇಕಿಲ್ಲ ಸ್ವಾಮಿ, ಅಚ್ಚು ಸಾಕು. 2023ರಲ್ಲಿ ಬೆಂಗಳೂರಿನಲ್ಲಿ ಆದದ್ದೇನು? ಆಸ್ತಿ ನೋಂದಣಿಗೆಂದು ಜನ ಒತ್ತಿದ ಹೆಬ್ಬೆಟ್ಟು, ಆಧಾರ್ ಸಂಖ್ಯೆಯ ಸಮೇತ ಪತ್ರಗಳ ಪ್ರತಿಯಿಂದ ವಂಚಕರ ಕೈಸೇರಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಒಟಿಪಿ ಬೇಡ, ಪಿನ್ ಬೇಡ. ಖಾತೆದಾರರಿಗೆ ತಿಳಿಯುವಷ್ಟರಲ್ಲಿ ದುಡ್ಡು ಹೋಗಿತ್ತು. ಪಾಸ್‌ವರ್ಡ್ ಸೋರಿದರೆ ಐದು ನಿಮಿಷದಲ್ಲಿ ಬದಲಿಸಬಹುದು. 2015ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯಿಂದ ಕಳುವಾದ 56 ಲಕ್ಷ ಜನರ ಬೆರಳಚ್ಚನ್ನು ಯಾರು ಬದಲಿಸಿಕೊಡುತ್ತಾರೆ? ಜರ್ಮನಿಯ ಹ್ಯಾಕರ್ ಯಾನ್ ಕ್ರಿಸ್ಲರ್ 2014ರಲ್ಲಿ ಅಲ್ಲಿನ ರಕ್ಷಣಾ ಸಚಿವೆಯ ಹೆಬ್ಬೆಟ್ಟನ್ನು ಬರೀ ಫೋಟೊಗಳಿಂದಲೇ ರೂಪಿಸಿ ತೋರಿಸಿದ್ದರು.

ಮೊಬೈಲ್ ಬೆರಳಿಗೇ ತೆರೆಯುತ್ತದಲ್ಲ ಎನ್ನುತ್ತಾರೆ ಲೇಖಕರು. ನಿಜ, ಅದು ಅನುಕೂಲ. ಅಲ್ಲಿ ಅಚ್ಚಿನ ಮಾಹಿತಿ ಫೋನಿನೊಳಗೇ ಇರುತ್ತದೆ. ಆದರೆ ಆ ಫೋನನ್ನು ಒಮ್ಮೆ ಆರಿಸಿ ಹಚ್ಚಿ ನೋಡಿ, ಮೊದಲು ಕೇಳುವುದು ಪಿನ್ನನ್ನೇ.

ಇನ್ನು ಬೀಡಿ ಕಟ್ಟಿ, ಗಾರೆ ಕಲಸಿ ಬೆರಳಿನ ಗೆರೆ ಸವೆದವರು ನ್ಯಾಯಬೆಲೆ ಅಂಗಡಿಯ ಯಂತ್ರದೆದುರು ಮತ್ತೆ ಮತ್ತೆ ಒತ್ತುವುದು ಲೇಖಕರ ಕಣ್ಣಿಗೆ ಬಿದ್ದಂತಿಲ್ಲ.

ಬೆರಳು ಗುರುತು ಹೇಳಲಿ, ಬೇಡವೆನ್ನುವುದಿಲ್ಲ. ಒಪ್ಪಿಗೆಗೆ ಗುಟ್ಟಿನ ಸಂಖ್ಯೆಯೇ ಇರಲಿ. ಅಲ್ಲಿಯವರೆಗೆ ಓದುಗರು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ತಮ್ಮ ಬಯೊಮೆಟ್ರಿಕ್ ಮಾಹಿತಿಗೆ ಇವತ್ತೇ ಬೀಗ ಹಾಕಿಕೊಳ್ಳಿ.